ತಂದೆಯ ಎರಡನೇ ಮದುವೆ ಅಸಿಂಧು ಎಂದಾದರೆ ಆ ಮದುವೆಯ ಮಕ್ಕಳಿಗೆ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಎಷ್ಟು?

ಮುಂಗಾರು ಕೇಳಿದ ಪ್ರಶ್ನೆ

ಮಾನ್ಯರೇ,

ನಮ್ಮ ತಂದೆಯವರು 2021ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅವರಿಗೆ 1988ರಲ್ಲಿ ಮೊದಲ ಮದುವೆಯಾಗಿತ್ತು. ಆ ಮದುವೆಯಿಂದ ಒಬ್ಬ ಮಗ ಮತ್ತು ಒಬ್ಬ ಮಗಳು ಇದ್ದಾರೆ. 1993ರಲ್ಲಿ ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆದುಕೊಂಡು ಇಬ್ಬರೂ ಬೇರೆಯಾದರೆಂದು ನಮಗೆ ಹೇಳಲಾಗಿದೆ. ಮರುವರ್ಷ ಅವರು ದೇವಸ್ಥಾನದಲ್ಲಿ ನಮ್ಮ ತಾಯಿಯನ್ನು ಮದುವೆಯಾದರು. ಆ ಮದುವೆಯ ಮಕ್ಕಳು ನಾನು ಮತ್ತು ನನ್ನ ತಂಗಿ. ನ್ಯಾಯಾಲಯದ ವಿಚ್ಛೇದನದ ಡಿಕ್ರಿ ಯಾವತ್ತೂ ಆಗಿರಲಿಲ್ಲ ಎಂಬುದು ತಂದೆಯವರು ತೀರಿಕೊಂಡ ನಂತರವೇ ನಮಗೆ ತಿಳಿಯಿತು. ಮೊದಲ ತಾಯಿಯವರು ಈಗಲೂ ಇದ್ದಾರೆ.

ಆಸ್ತಿಯ ವಿವರ ಹೀಗಿದೆ. ಅಜ್ಜ ಬದುಕಿದ್ದಾಗಲೇ, 1996ರಲ್ಲಿ, ನೋಂದಾಯಿತ ವಿಭಾಗಪತ್ರದ ಮೂಲಕ ತಂದೆಯವರ ಪಾಲಿಗೆ 6 ಎಕರೆ ಪಿತ್ರಾರ್ಜಿತ ಜಮೀನು ಬಂದಿತು. ಅಜ್ಜ ಅಜ್ಜಿ ಇಬ್ಬರೂ ಈಗ ಇಲ್ಲ. ತಂದೆಯವರು ಸರ್ಕಾರಿ ನೌಕರರಾಗಿದ್ದು, ಸಂಬಳದ ಹಣದಿಂದ ತಮ್ಮ ಹೆಸರಿನಲ್ಲಿ ಒಂದು ನಿವೇಶನ ಕೊಂಡಿದ್ದರು. ನಾವು ವಾಸವಿರುವ ಮನೆಯ ಕ್ರಯಪತ್ರ 2005ರಿಂದಲೂ ತಾಯಿಯ ಹೆಸರಿನಲ್ಲಿದೆ. ಬ್ಯಾಂಕಿನ ಒಂದು ಠೇವಣಿಗೆ ತಾಯಿಯೇ ನಾಮಿನಿ. ಈ ನಡುವೆ ಮೊದಲ ಮನೆಯವರು ನಮ್ಮ ಹೆಸರಿಲ್ಲದ ವಂಶವೃಕ್ಷವನ್ನು ಕೊಟ್ಟು 6 ಎಕರೆಗೂ ಪೌತಿ ಖಾತೆ ಮಾಡಿಸಿಕೊಂಡಿದ್ದಾರೆ.

ನಮ್ಮ ತಾಯಿಯ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಮಕ್ಕಳಾದ ನಮಗೂ ಏನೂ ಸಿಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಸುಪ್ರೀಂ ಕೋರ್ಟಿನ 2023ರ ತೀರ್ಪಿನ ಪ್ರಕಾರ ನಾವೂ ಸರಿಸಮಾನ ಪಾಲುದಾರರು ಎಂದು ಇನ್ನು ಕೆಲವರು ಹೇಳುತ್ತಾರೆ. ಇವೆರಡರಲ್ಲಿ ಯಾವುದು ನಿಜ? ನಮ್ಮ ತಾಯಿಗೆ ಯಾವ ಹಕ್ಕೂ ಇಲ್ಲವೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಕಡತ ಅವರ ಉತ್ತರ

ಮಾನ್ಯರೇ, ತಾವು ಕೇಳಿರುವ ಎರಡು ಮಾತುಗಳೂ ಪೂರ್ತಿ ನಿಜವಲ್ಲ. ನಾನು ಹಲವು ವರ್ಷಗಳಿಂದ ಸಿವಿಲ್ ದಾವೆಗಳ ಕೆಲಸದಲ್ಲಿರುವವನು. ಈ ವಿಷಯದಲ್ಲಿ ಜನರು ಅರ್ಧ ತಿಳಿದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿ ನಷ್ಟ ಅನುಭವಿಸುವುದನ್ನು ಕಂಡು ನೊಂದಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಹಿಂದೂ ವಿವಾಹ ಅಧಿನಿಯಮ, 1955ರ 5ನೇ ಪ್ರಕರಣವು ಮದುವೆಯ ಷರತ್ತುಗಳನ್ನು ಹೇಳುತ್ತದೆ. ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಪತಿ ಅಥವಾ ಪತ್ನಿ ಇರಬಾರದು ಎಂಬುದು ಅವುಗಳಲ್ಲಿ ಮೊದಲನೆಯದು. ಈ ಷರತ್ತನ್ನು ಮೀರಿದ ಮದುವೆಯೂ, ರೂಢಿಯ ಆಧಾರವಿಲ್ಲದೆ ನಿಷಿದ್ಧ ಸಂಬಂಧದಲ್ಲಿ ಅಥವಾ ಸಪಿಂಡರ, ಅಂದರೆ ಹತ್ತಿರದ ರಕ್ತಸಂಬಂಧಿಗಳ, ನಡುವೆ ನಡೆದ ಮದುವೆಯೂ 11ನೇ ಪ್ರಕರಣದಂತೆ ಶೂನ್ಯ ವಿವಾಹಗಳು. ಶೂನ್ಯ ವಿವಾಹವನ್ನು ನ್ಯಾಯಾಲಯವು ಹಾಗೆಂದು ಘೋಷಿಸಬೇಕೆಂಬ ಕಡ್ಡಾಯವೂ ಇಲ್ಲ. ಅದು ಆರಂಭದಿಂದಲೇ ಮದುವೆಯಾಗಿರುವುದಿಲ್ಲ. 12ನೇ ಪ್ರಕರಣದ ರದ್ದುಗೊಳಿಸಬಹುದಾದ ಮದುವೆಯ ಮಾತು ಬೇರೆ. ಬಲಾತ್ಕಾರದಿಂದ ಅಥವಾ ಮೋಸದಿಂದ ಒಪ್ಪಿಗೆ ಪಡೆದ ಮದುವೆ ಆ ಗುಂಪಿಗೆ ಸೇರುತ್ತದೆ, ಮತ್ತು ನ್ಯಾಯಾಲಯ ರದ್ದುಪಡಿಸುವವರೆಗೆ ಅದು ಊರ್ಜಿತವಾಗಿಯೇ ಇರುತ್ತದೆ. ಈ ವ್ಯತ್ಯಾಸದಿಂದ ಆಸ್ತಿಯಲ್ಲಿ ಆಗುವ ಪರಿಣಾಮ ದೊಡ್ಡದು: ರದ್ದತಿಯ ಡಿಕ್ರಿಗೆ ಮುಂಚೆಯೇ ಗಂಡ ತೀರಿಕೊಂಡರೆ ಅಂಥ ಹೆಂಡತಿ ಕಾನೂನಿನ ಕಣ್ಣಿನಲ್ಲಿ ವಿಧವೆ ಮತ್ತು ವಾರಸುದಾರಳು, ಶೂನ್ಯ ವಿವಾಹದ ಹೆಂಡತಿ ಹಾಗಲ್ಲ.

ಇನ್ನು ಮಕ್ಕಳ ವಿಷಯ. ಅದೇ ಅಧಿನಿಯಮದ 16ನೇ ಪ್ರಕರಣವು ಮೊದಲಿಗೆ ಬಹಳ ಸಂಕುಚಿತವಾಗಿತ್ತು. ನ್ಯಾಯಾಲಯ ಶೂನ್ಯತೆಯ ಡಿಕ್ರಿ ಕೊಟ್ಟರೆ ಮಾತ್ರ ಮಕ್ಕಳಿಗೆ ಔರಸತ್ವ, ಅಂದರೆ ಕಾನೂನುಬದ್ಧ ಸಂತಾನವೆಂಬ ಮನ್ನಣೆ, ಸಿಗುತ್ತಿತ್ತು. ಯಾರೂ ನ್ಯಾಯಾಲಯಕ್ಕೆ ಹೋಗದಿದ್ದರೆ ಮಕ್ಕಳು ಆ ರಕ್ಷಣೆಯಿಂದ ಹೊರಗೇ ಉಳಿಯುತ್ತಿದ್ದರು. 1976ರ ತಿದ್ದುಪಡಿ ಈ ಅನ್ಯಾಯವನ್ನು ಸರಿಪಡಿಸಿತು. ಅಂದಿನಿಂದ ಡಿಕ್ರಿ ಇರಲಿ, ಇಲ್ಲದಿರಲಿ, ಶೂನ್ಯ ವಿವಾಹದಲ್ಲಿ ಹುಟ್ಟಿದ ಮಗು ಔರಸ ಸಂತಾನವೇ. ಆದರೆ ಅದೇ ಪ್ರಕರಣದ 3ನೇ ಉಪಪ್ರಕರಣ ಒಂದು ಗಡಿಯನ್ನೂ ಎಳೆಯಿತು: ಅಂಥ ಮಗುವಿಗೆ ತನ್ನ ತಂದೆತಾಯಿಯರ ಆಸ್ತಿಯಲ್ಲಿ ಮಾತ್ರ ಹಕ್ಕುಂಟು, ಬೇರೆ ಯಾರ ಆಸ್ತಿಯಲ್ಲಿಯೂ ಇಲ್ಲ.

ಈ ಗಡಿಯ ಅರ್ಥವೇನು ಎಂಬುದರ ಮೇಲೆಯೇ ದಶಕಗಳ ಕಾಲ ವ್ಯಾಜ್ಯ ನಡೆಯಿತು. ಜಿನಿಯಾ ಕಿಯೋಟಿನ್ ಪ್ರಕರಣದಿಂದ ಹಿಡಿದು 2010ರ ಭಾರತ ಮಾತಾ ಪ್ರಕರಣದವರೆಗೆ, ಇಂಥ ಮಕ್ಕಳಿಗೆ ಸ್ವಯಾರ್ಜಿತ ಆಸ್ತಿಯಲ್ಲಿ ಮಾತ್ರ ಪಾಲು, ಪಿತ್ರಾರ್ಜಿತದಲ್ಲಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿತ್ತು. ತಮಗೆ ಏನೂ ಸಿಗುವುದಿಲ್ಲ ಎಂದವರು ಬಹುಶಃ ಆ ಹಳೆಯ ತೀರ್ಪುಗಳ ನೆನಪಿನಲ್ಲಿ ಹಾಗೆ ಹೇಳಿರಬಹುದು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ 2011ರ ದ್ವಿಸದಸ್ಯ ಪೀಠವು ಆ ನಿಲುವನ್ನು ಸಂದೇಹಿಸಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ತಂದೆತಾಯಿಯರ ಸಂಬಂಧಕ್ಕೆ ಕಾನೂನಿನ ಮನ್ನಣೆ ಇಲ್ಲದಿರಬಹುದು, ಆದರೆ ಅದರಲ್ಲಿ ಹುಟ್ಟಿದ ಮಗು ನಿರ್ದೋಷಿ ಎಂಬ ವಿಚಾರ ಆ ಆದೇಶದ ಜೀವಾಳವಾಗಿತ್ತು. 2023ರ ಸೆಪ್ಟೆಂಬರ್ 1ರಂದು ತ್ರಿಸದಸ್ಯ ಪೀಠ ಅಂತಿಮ ಉತ್ತರ ಕೊಟ್ಟಿತು.

ಆ ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ. ಶೂನ್ಯ ವಿವಾಹದ ಮಗು ಹುಟ್ಟಿನಿಂದ ಸಹದಾಯಾದಿ, ಅಂದರೆ ಕುಟುಂಬದ ಆಸ್ತಿಯಲ್ಲಿ ಜನ್ಮತಃ ಹಕ್ಕುಳ್ಳ ಪಾಲುದಾರ, ವಕೀಲರ ಮಾತಿನಲ್ಲಿ ಕೋಪಾರ್ಸನರ್, ಆಗುವುದಿಲ್ಲ. ತಂದೆ ಬದುಕಿರುವಾಗ ಅವಿಭಕ್ತ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಡಿ ಎಂದು ಕೇಳುವ ಹಕ್ಕು ಅದಕ್ಕಿಲ್ಲ. ಆದರೆ ತಂದೆ ತೀರಿಕೊಂಡಾಗ, ಆ ಸಾವಿಗೆ ತುಸು ಮುಂಚೆ ಕುಟುಂಬದಲ್ಲಿ ವಿಭಾಗವಾಗಿದ್ದರೆ ತಂದೆಗೆ ಎಷ್ಟು ಪಾಲು ಬರುತ್ತಿತ್ತೋ ಅಷ್ಟು ತಂದೆಯ ಆಸ್ತಿ ಎಂದೇ ಲೆಕ್ಕ. ಆ ಪಾಲಿನಲ್ಲಿ ಈ ಮಗುವಿಗೂ ಉಳಿದ ಮಕ್ಕಳಷ್ಟೇ ಹಕ್ಕುಂಟು. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 6ನೇ ಪ್ರಕರಣವು ಹೇಳುವ ಕಾಲ್ಪನಿಕ ವಿಭಾಗ ಇದೇ.

ತಮ್ಮ 6 ಎಕರೆಗೆ ಇದನ್ನು ಹೊಂದಿಸಿ ನೋಡೋಣ. ತಮ್ಮ ತಾಯಿಯ ಮದುವೆ ಶೂನ್ಯವೆಂದೇ ಇಟ್ಟುಕೊಂಡರೆ, ಸಹದಾಯಾದಿಗಳು ಮೂವರು: ತಂದೆ, ಮೊದಲ ಮನೆಯ ಮಗ ಮತ್ತು ಮಗಳು. ಮಗಳೂ ಹುಟ್ಟಿನಿಂದಲೇ ಸಹದಾಯಾದಿ ಎಂಬುದು 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ವಿವಾದಾತೀತ. 240 ಗುಂಟೆಯನ್ನು ಮೂರು ಪಾಲು ಮಾಡಿದರೆ ತಂದೆಯ ಪಾಲು 80 ಗುಂಟೆ. ಈ 80 ಗುಂಟೆಗೆ ಮೊದಲ ದರ್ಜೆಯ ವಾರಸುದಾರರು ಐವರು: ಮೊದಲ ತಾಯಿ, ಅವರ ಇಬ್ಬರು ಮಕ್ಕಳು, ತಾವು ಮತ್ತು ತಮ್ಮ ತಂಗಿ. ತಲಾ 16 ಗುಂಟೆ. ಮೊದಲ ಮನೆಯ ಮಗನಿಗೆ 80 ಮತ್ತು 16 ಸೇರಿ 96 ಗುಂಟೆ ಬಂದರೆ ತಮಗೆ ಬರುವುದು 16 ಗುಂಟೆ. ಸರಿಸಮಾನ ಪಾಲು ಎಂದು ಹೇಳಿದವರು ಈ ಎರಡನೇ ಹಂತವನ್ನು ಮಾತ್ರ ನೋಡಿ, ಮೊದಲ ಹಂತವನ್ನು ಬಿಟ್ಟಿದ್ದಾರೆ.

ನಿವೇಶನ ಸ್ವಯಾರ್ಜಿತವಾದುದರಿಂದ ಅಲ್ಲಿ ಕಾಲ್ಪನಿಕ ವಿಭಾಗದ ಪ್ರಶ್ನೆಯೇ ಬರುವುದಿಲ್ಲ; ಐವರಿಗೂ ನೇರವಾಗಿ ಐದನೇ ಒಂದು ಪಾಲು.

ತೊರೆಸಾಲು ಅವರ ಉತ್ತರ

ಮೇಲಿನ ಉತ್ತರ ತುಂಬ ಉಪಯುಕ್ತವಾಗಿದೆ. ಎರಡು ವಿಷಯಗಳನ್ನು ಅದಕ್ಕೆ ಸೇರಿಸಲೇಬೇಕು. ಎರಡರಿಂದಲೂ ಲೆಕ್ಕ ಬದಲಾಗುತ್ತದೆ.

ಮೊದಲನೆಯದು ಸೋಡಚೀಟಿ. ಪ್ರಶ್ನೆ ಕೇಳಿದವರು ಅದನ್ನು ಒಂದೇ ವಾಕ್ಯದಲ್ಲಿ ದಾಟಿದ್ದಾರೆ, ಆದರೆ ಇಡೀ ವ್ಯಾಜ್ಯದ ಬೀಗದ ಕೈ ಅದೇ ಆಗಿರಬಹುದು. ಹಿಂದೂ ವಿವಾಹ ಅಧಿನಿಯಮದ 29ನೇ ಪ್ರಕರಣದ 2ನೇ ಉಪಪ್ರಕರಣವು ರೂಢಿಯಿಂದ ಮಾನ್ಯವಾದ ವಿಚ್ಛೇದನದ ಹಕ್ಕನ್ನು ಉಳಿಸಿಕೊಟ್ಟಿದೆ. ತಮ್ಮ ಸಮುದಾಯದಲ್ಲಿ ಹಿರಿಯರ ಮುಂದೆ ಸೋಡಚೀಟಿ ಬರೆದು ಮದುವೆ ಬಿಡಿಸುವ ರೂಢಿ ಬಹುಕಾಲದಿಂದ, ನಿರಂತರವಾಗಿ, ಎಲ್ಲರೂ ಬದ್ಧರಾಗುವಂತೆ ನಡೆದುಬಂದಿದೆ ಎಂಬುದು ರುಜುವಾತಾದರೆ 1993ರಲ್ಲಿಯೇ ಮೊದಲ ಮದುವೆ ಮುಗಿದಂತೆ. ಆಗ ತಮ್ಮ ತಾಯಿಯ ಮದುವೆ ಶೂನ್ಯವಲ್ಲ; ಅವರೇ ವಿಧವೆ, ಮತ್ತು ತಾವಿಬ್ಬರೂ ಹುಟ್ಟಿನಿಂದ ಸಹದಾಯಾದಿಗಳು. 240 ಗುಂಟೆ ಐದು ಪಾಲಾಗಿ ತಮಗೆ ಹುಟ್ಟಿನ ಹಕ್ಕಿನಿಂದಲೇ 48 ಗುಂಟೆ ಬಂದು, ತಂದೆಯ 48 ಗುಂಟೆಯಲ್ಲಿ ಮತ್ತೆ ಐದನೇ ಒಂದು ಪಾಲು ಸೇರಿ, ಒಟ್ಟು 57 ಗುಂಟೆಗೂ ತುಸು ಹೆಚ್ಚಾಗುತ್ತದೆ. ಮೊದಲ ತಾಯಿಯವರು ವಾರಸುದಾರರ ಪಟ್ಟಿಯಿಂದಲೇ ಹೊರಗಾಗುತ್ತಾರೆ.

ಹದಿನಾರು ಗುಂಟೆಗೂ ಐವತ್ತೇಳು ಗುಂಟೆಗೂ ಇರುವ ಈ ಅಂತರವನ್ನು ನೋಡಿ ಯಾರಿಗಾದರೂ ಆಸೆ ಹುಟ್ಟುವುದು ಸಹಜ. ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ರೂಢಿಯ ವಿಚ್ಛೇದನವನ್ನು ಸಾಬೀತುಪಡಿಸುವುದು ಬಹಳ ಕಷ್ಟ. ಯಮನಾಜಿ ಜಾಧವ್ ವಿರುದ್ಧ ನಿರ್ಮಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದಂತೆ, ವಿಚ್ಛೇದನದ ರೂಢಿಯು ಸಾಮಾನ್ಯ ಕಾನೂನಿಗೆ ಅಪವಾದ. ಅದನ್ನು ವಾದಪತ್ರದಲ್ಲಿ ನಿರ್ದಿಷ್ಟವಾಗಿ ಹೇಳಿಕೊಂಡು ಸಾಕ್ಷ್ಯದಿಂದ ಸ್ಥಾಪಿಸಬೇಕು. ಛಾಪಾ ಕಾಗದದ ಮೇಲೆ ಇಬ್ಬರ ಸಹಿ ಇದ್ದ ಮಾತ್ರಕ್ಕೆ ರೂಢಿ ಹುಟ್ಟುವುದಿಲ್ಲ. ನೋಟರಿಯ ಮೊಹರು ಬಿದ್ದರೂ ಅಷ್ಟೆ. ಆ ಸಮುದಾಯದಲ್ಲಿ ಹಿಂದೆ ನಡೆದ ಅಂಥ ಬಿಡುಗಡೆಗಳ ನಿದರ್ಶನಗಳು, ಬಿಡುಗಡೆಯಾದ ಹೆಂಗಸರು ಮರುಮದುವೆಯಾದ ನಿದರ್ಶನಗಳು, ಅವನ್ನು ಕಣ್ಣಾರೆ ಕಂಡ ಹಿರಿಯರ ಸಾಕ್ಷ್ಯ, ಇವೆಲ್ಲವೂ ಬೇಕು. ಮೂಲ ಸೋಡಚೀಟಿ ತಮ್ಮ ಕೈಯಲ್ಲಿದೆಯೇ? ಅದಕ್ಕೆ ಮೊದಲ ತಾಯಿಯವರ ಸಹಿ ಅಥವಾ ಹೆಬ್ಬೆಟ್ಟು ಇದೆಯೇ? ಅವರು ಆಮೇಲೆಯೂ ತಂದೆಯವರ ಮನೆಯಲ್ಲಿಯೇ ಸೊಸೆಯಾಗಿ ಉಳಿದಿದ್ದರೇ? ಈ ಮೂರಕ್ಕೆ ಪ್ರಾಮಾಣಿಕ ಉತ್ತರ ಸಿಗದೆ ಆ ವಾದಕ್ಕೆ ಕೈ ಹಾಕಬೇಡಿ.

ಎರಡನೆಯದು ಲೆಕ್ಕದ ವಿಷಯ. ಮೇಲಿನ ಉತ್ತರದಲ್ಲಿ ಕಾಲ್ಪನಿಕ ವಿಭಾಗದ ಹಂತದಲ್ಲಿ ಮೊದಲ ತಾಯಿಗೆ ಪಾಲು ತೋರಿಸಿಲ್ಲ. ಹಿಂದೂ ಕಾನೂನಿನ ಮಿತಾಕ್ಷರ ಪದ್ಧತಿಯ ಮುಂಬಯಿ ಶಾಖೆ ಅನ್ವಯವಾಗುವಲ್ಲಿ, ತಂದೆ ಮತ್ತು ಮಕ್ಕಳು ಪಾಲಾಗುವಾಗ ಹೆಂಡತಿಗೂ ಮಗನಷ್ಟೇ ಪಾಲು ಸಲ್ಲುತ್ತದೆ. 1978ರ ಗುರುಪಾದ ಖಂಡಪ್ಪ ಮಗ್ದುಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧವೆಯ ಪಾಲನ್ನು ಲೆಕ್ಕ ಹಾಕಿದ್ದು ಹೀಗೆಯೇ. ದಕ್ಷಿಣದ ದ್ರಾವಿಡ ಶಾಖೆಯಲ್ಲಿ ಹೆಂಡತಿಗೆ ಆ ಹಂತದಲ್ಲಿ ಪಾಲು ಕೊಡುವ ಪದ್ಧತಿ ಬಹಳ ಹಿಂದೆಯೇ ಬಳಕೆ ತಪ್ಪಿದೆ. ಮುಂಬಯಿ ಶಾಖೆ ಅನ್ವಯವಾದರೆ 240 ಗುಂಟೆ ನಾಲ್ಕು ಪಾಲಾಗಿ, ತಂದೆಯದು 60 ಗುಂಟೆ ಆಗಿ, ತಮ್ಮ ಪಾಲು 16ರಿಂದ 12 ಗುಂಟೆಗೆ ಇಳಿಯುತ್ತದೆ. ಕರ್ನಾಟಕದಲ್ಲಿ ಹಿಂದಿನ ಮುಂಬಯಿ ಪ್ರಾಂತ್ಯದ ಜಿಲ್ಲೆಗಳೂ ಹಳೆಯ ಮೈಸೂರಿನ ಜಿಲ್ಲೆಗಳೂ ಇರುವುದರಿಂದ, ಕುಟುಂಬ ಯಾವ ಕಡೆಯದು ಎಂಬುದನ್ನು ವಕೀಲರಿಗೆ ಮೊದಲ ದಿನವೇ ತಿಳಿಸಿ.

ಮುಂಗಾರು ಅವರ ಮರುಪ್ರಶ್ನೆ

ಇಬ್ಬರಿಗೂ ಕೃತಜ್ಞತೆಗಳು. ಸೋಡಚೀಟಿಯ ಮೂಲ ಪ್ರತಿ ನಮ್ಮಲ್ಲಿಲ್ಲ. ಒಂದು ನಕಲು ಮಾತ್ರ ಇದೆ. ಮೊದಲ ತಾಯಿಯವರು ಅಜ್ಜನ ಮನೆಯಲ್ಲಿಯೇ ಉಳಿದು, ಅಜ್ಜ ಅಜ್ಜಿಯರನ್ನು ಕೊನೆಯವರೆಗೂ ನೋಡಿಕೊಂಡರು ಎಂಬುದನ್ನು ನಾನು ಮರೆಮಾಚುವುದಿಲ್ಲ. ನನಗೆ ಹೆಚ್ಚು ಚಿಂತೆ ನಮ್ಮ ತಾಯಿಯದು. ಸುಮಾರು ಮೂರು ದಶಕ ಸಂಸಾರ ನಡೆಸಿದವರಿಗೆ ಕಾನೂನು ಹೆಂಡತಿಯ ಸ್ಥಾನವನ್ನೇ ಕೊಡುವುದಿಲ್ಲವೆಂದರೆ ಅವರು ಆ ಮಾತನ್ನು ಹೇಗೆ ತಾಳಿಕೊಂಡಾರು? ಅವರಿಗೆ ಕುಟುಂಬ ಪಿಂಚಣಿ ಅಥವಾ ಜೀವನಾಂಶ ಸಿಗುವ ದಾರಿ ಇದೆಯೇ? ಮನೆ ಮತ್ತು ಠೇವಣಿ ಅವರಿಗೆ ಉಳಿಯುತ್ತವೆಯೇ?

ಹಳೆಯ ಕಡತ ಅವರ ಉತ್ತರ

ತಮ್ಮ ತಾಯಿಯವರ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ, ಏಕೆಂದರೆ 1976ರ ತಿದ್ದುಪಡಿ ಮಕ್ಕಳನ್ನು ಎತ್ತಿ ಹಿಡಿಯಿತೇ ಹೊರತು ಅವರ ತಾಯಂದಿರನ್ನು ಇದ್ದಲ್ಲಿಯೇ ಬಿಟ್ಟಿತು.

ಮದುವೆ ಶೂನ್ಯವಾದರೆ ಅವರು ಉತ್ತರಾಧಿಕಾರ ಅಧಿನಿಯಮ ಹೇಳುವ ವಿಧವೆ ಆಗುವುದಿಲ್ಲ. ಉಯಿಲು ಇಲ್ಲದಿರುವಾಗ ಜಮೀನಿನಲ್ಲಾಗಲಿ ನಿವೇಶನದಲ್ಲಾಗಲಿ ಅವರಿಗೆ ಪಾಲು ಬರುವುದಿಲ್ಲ. ಕುಟುಂಬ ಪಿಂಚಣಿಯ ವಿಷಯದಲ್ಲಿ ರಾಮೇಶ್ವರಿ ದೇವಿ ಪ್ರಕರಣದ ತೀರ್ಪು ಇದೆ: ಮೊದಲ ಮದುವೆ ಊರ್ಜಿತವಿರುವಾಗ ಆದ ಎರಡನೇ ಮದುವೆಯ ಹೆಂಡತಿಗೆ ಪಿಂಚಣಿ ಇಲ್ಲ, ಆದರೆ ಆ ಮದುವೆಯ ಮಕ್ಕಳಿಗೆ ನಿಯಮದಲ್ಲಿರುವ ವಯಸ್ಸಿನ ಮಿತಿಗೆ ಒಳಪಟ್ಟು ಹಕ್ಕುಂಟು. ದೀರ್ಘ ಸಹಬಾಳ್ವೆಯಿಂದ ಮದುವೆಯನ್ನು ಊಹಿಸಬಹುದೆಂಬ ನಿಯಮವೂ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ಮದುವೆ ನಡೆಯಿತೇ ಇಲ್ಲವೇ ಎಂಬ ಸಂದೇಹವನ್ನು ನಿವಾರಿಸಬಲ್ಲದು. ಮೊದಲ ಮದುವೆ ಮುಗಿದಿರಲಿಲ್ಲ ಎಂಬ ಅಡ್ಡಿಯನ್ನು ನಿವಾರಿಸಲಾರದು.

ಜೀವನಾಂಶದಲ್ಲಿ ಕಾನೂನು ಸ್ವಲ್ಪ ಕರುಣೆ ತೋರಿದೆ. 1988ರ ಯಮುನಾಬಾಯಿ ತೀರ್ಪು ಎರಡನೇ ಹೆಂಡತಿಗೆ ಬಾಗಿಲು ಮುಚ್ಚಿತ್ತು. ಮೊದಲ ಮದುವೆಯನ್ನು ಮರೆಮಾಚಿ ಮದುವೆಯಾದ ಗಂಡ ಆ ನೆಪವನ್ನೇ ಮುಂದಿಟ್ಟು ತಪ್ಪಿಸಿಕೊಳ್ಳುವಂತಿಲ್ಲ ಎಂದು 2013ರ ಬಾದ್‌ಶಾ ತೀರ್ಪು ಹೇಳಿತು. 2025ರ ಫೆಬ್ರವರಿಯಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠವು, ಮದುವೆ ಶೂನ್ಯವೆಂದು ಘೋಷಿತವಾದರೂ ಹಿಂದೂ ವಿವಾಹ ಅಧಿನಿಯಮದ 25ನೇ ಪ್ರಕರಣದಡಿ ಶಾಶ್ವತ ಜೀವನಾಂಶ ಕೊಡಬಹುದು ಎಂದಿತು. ದುರದೃಷ್ಟವಶಾತ್ ಇವೆಲ್ಲ ಗಂಡ ಬದುಕಿರುವಾಗ ಅವನ ವಿರುದ್ಧ ಕೇಳುವ ಪರಿಹಾರಗಳು. ಈಗ ತಮ್ಮ ತಾಯಿಯವರು ಅವಲಂಬಿಸಬೇಕಾದದ್ದು ಮಕ್ಕಳಾದ ತಮ್ಮನ್ನು ಮತ್ತು ಅವರದೇ ಹೆಸರಿನ ಮನೆಯನ್ನು.

ಆ ಮನೆಯ ವಿಷಯದಲ್ಲಿ ಧೈರ್ಯವಾಗಿರಿ. ನೋಂದಾಯಿತ ಕ್ರಯಪತ್ರ ಅವರ ಹೆಸರಿನಲ್ಲಿದೆ. ಹಣ ತಂದೆಯದು, ಹೆಸರು ಮಾತ್ರ ಇವರದು ಎಂದು ಯಾರಾದರೂ ಹೇಳಿದರೆ ಅದನ್ನು ರುಜುವಾತುಪಡಿಸುವ ಹೊಣೆ ಹೇಳಿದವರದೇ. ಮದುವೆ ಶೂನ್ಯ ಎಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳ ಹೆಸರಿನ ಆಸ್ತಿ ಅವಳ ಕೈ ತಪ್ಪುವುದಿಲ್ಲ.

ಠೇವಣಿ ಮಾತ್ರ ಹಾಗಲ್ಲ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯಲು ಅಧಿಕಾರವುಳ್ಳವರು, ಮಾಲೀಕತ್ವ ವಾರಸುದಾರರದು. ಬ್ಯಾಂಕ್ ತಾಯಿಗೇ ಹಣ ಕೊಡುತ್ತದೆ, ಆದರೆ ಮೊದಲ ಮನೆಯವರು ತಮ್ಮ ಪಾಲನ್ನು ಕೇಳಿದರೆ ಲೆಕ್ಕ ಕೊಡಬೇಕಾಗುತ್ತದೆ. 2008ರ ವಿದ್ಯಾಧರಿ ಪ್ರಕರಣದಲ್ಲಿ ಇಂಥದೇ ಸನ್ನಿವೇಶವಿತ್ತು. ಎರಡನೆಯವರು ನಾಮಿನಿಯಾಗಿದ್ದರಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಅವರಿಗೇ ಕೊಟ್ಟ ಸುಪ್ರೀಂ ಕೋರ್ಟ್, ಮೊದಲ ಹೆಂಡತಿಯ ಐದನೇ ಒಂದು ಪಾಲನ್ನು ರಕ್ಷಿಸಿತು. ಆದ್ದರಿಂದ ಆ ಹಣವನ್ನು ಖರ್ಚು ಮಾಡದೆ ಪ್ರತ್ಯೇಕವಾಗಿ ಇಟ್ಟಿರಿ.

ಬೆಳಗಿನ ಹಾದಿ ಅವರ ಉತ್ತರ

ನಾನು ಇಂಥ ವ್ಯಾಜ್ಯದ ಇನ್ನೊಂದು ಬದಿಯಲ್ಲಿದ್ದವಳು, ಮೊದಲ ಹೆಂಡತಿಯ ಮಗಳು. ಈ ಚರ್ಚೆಯಲ್ಲಿ ನನ್ನ ತಾಯಿಯಂಥವರ ದನಿಯೂ ಕೇಳಬೇಕೆಂದು ಬರೆಯುತ್ತಿದ್ದೇನೆ.

ಗಂಡ ಬೇರೆ ಮನೆ ಮಾಡಿದ ಮೇಲೂ ಅತ್ತೆಮಾವಂದಿರ ಸೇವೆ ಮಾಡಿಕೊಂಡು, ಜಮೀನಿನ ಉಳುಮೆ ನೋಡಿಕೊಂಡು ಉಳಿದ ಹೆಂಗಸಿಗೆ, ನೀನು ಸೋಡಚೀಟಿಗೆ ಹೆಬ್ಬೆಟ್ಟು ಒತ್ತಿದ್ದೆ, ನೀನು ಹೆಂಡತಿಯೇ ಅಲ್ಲ ಎಂದು ಕಟಕಟೆಯಲ್ಲಿ ನಿಲ್ಲಿಸಿ ಕೇಳುವುದು ಎಂಥ ಸಂಕಟ ಎಂಬುದನ್ನು ನಾನು ನೋಡಿದ್ದೇನೆ. ಕಾಗದದಲ್ಲಿ ಏನು ಬರೆದಿದೆ ಎಂಬುದನ್ನು ಆಗ ನನ್ನ ತಾಯಿಗೆ ಯಾರೂ ಓದಿ ಹೇಳಿರಲಿಲ್ಲ. ನಮ್ಮ ಪ್ರಕರಣದಲ್ಲಿ ಆ ವಾದ ನಿಲ್ಲಲಿಲ್ಲ. ಆದರೆ ಆ ಪಾಟೀಸವಾಲಿನ ನಂತರ ಎರಡೂ ಮನೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದಂತಾಯಿತು.

ಪ್ರಶ್ನೆ ಕೇಳಿದವರು ತಮ್ಮ ಮೊದಲ ತಾಯಿ ಅಜ್ಜ ಅಜ್ಜಿಯರನ್ನು ನೋಡಿಕೊಂಡದ್ದನ್ನು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆ ನನಗೆ ಗೌರವ ತರಿಸಿತು, ಆದ್ದರಿಂದಲೇ ಬಿಚ್ಚು ಮನಸ್ಸಿನಿಂದ ಹೇಳುತ್ತೇನೆ: ಮೂಲ ಪತ್ರ ಇಲ್ಲದೆ, ಅವರು ಸೊಸೆಯಾಗಿಯೇ ಆ ಮನೆಯಲ್ಲಿ ಉಳಿದಿರುವಾಗ, ಸೋಡಚೀಟಿಯ ವಾದ ಕೈಹಿಡಿಯುವುದು ಕಷ್ಟ. 16ನೇ ಪ್ರಕರಣ ಕೊಟ್ಟಿರುವ ಹಕ್ಕನ್ನು ಯಾರೂ ಕಿತ್ತುಕೊಳ್ಳಲಾರರು. ಅದನ್ನೇ ನೇರವಾಗಿ ಕೇಳಿ. ನಮ್ಮಲ್ಲಿ ಕೊನೆಗೆ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಎರಡನೆಯ ಮನೆಯ ತಮ್ಮನಿಗೆ ಜಮೀನಿನ ಚೂರುಗಳ ಬದಲು ನಿವೇಶನದಲ್ಲಿ ಹೆಚ್ಚಿನ ಪಾಲು ಕೊಟ್ಟು, ಅವನು ಜಮೀನಿನ ಹಕ್ಕನ್ನು ಬಿಟ್ಟುಕೊಟ್ಟ. ಹತ್ತಾರು ಗುಂಟೆಯ ತುಂಡು ಭೂಮಿ ಅವನಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ, ನಮಗೂ ಉಳುಮೆಗೆ ತೊಡಕಾಗುತ್ತಿತ್ತು. ಹೀಗೆ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು. ಬಾಯಿಮಾತು ಅಥವಾ ಬಿಳಿ ಹಾಳೆಯ ಮೇಲಿನ ಒಪ್ಪಂದ ನಂಬಿ ಕೂರಬೇಡಿ.

ನಡುಗಡ್ಡೆ ಅವರ ಪ್ರಶ್ನೆ

ಚರ್ಚೆ ಹಿಂದೂ ಕಾನೂನಿನ ಸುತ್ತ ನಡೆದಿದೆ. ಮುಸ್ಲಿಂ ಕಾನೂನಿನಲ್ಲಿಯೂ ಅಸಿಂಧು ಮದುವೆಯ ಮಕ್ಕಳಿಗೆ ತಂದೆಯ ಆಸ್ತಿ ಮಾತ್ರವೇ ಎಂಬ ಗಡಿ ಇದೆಯೇ? ವಿಶೇಷ ವಿವಾಹ ಅಧಿನಿಯಮದಡಿ ಆದ ಮದುವೆಗಳಿಗೆ ಯಾವ ನಿಯಮ?

ತೊರೆಸಾಲು ಅವರ ಉತ್ತರ

ಸಂಕ್ಷೇಪವಾಗಿ ಹೇಳುತ್ತೇನೆ. ವಿಶೇಷ ವಿವಾಹ ಅಧಿನಿಯಮ, 1954ರ 26ನೇ ಪ್ರಕರಣ ಹಿಂದೂ ವಿವಾಹ ಅಧಿನಿಯಮದ 16ನೇ ಪ್ರಕರಣದ ಪಡಿಯಚ್ಚಿನಂತಿದೆ: ಮಗು ಔರಸ, ಹಕ್ಕು ತಂದೆತಾಯಿಯರ ಆಸ್ತಿಗೆ ಸೀಮಿತ.

ಮುಸ್ಲಿಂ ಕಾನೂನಿನ ಸುನ್ನಿ ಪಂಥದಲ್ಲಿ ವಿಂಗಡಣೆಯೇ ಬೇರೆ. ರಕ್ತಸಂಬಂಧದ ಕಾರಣದಿಂದ ಎಂದೆಂದಿಗೂ ನಿಷಿದ್ಧವಾದವರ ಮದುವೆ ಬಾತಿಲ್, ಅಂದರೆ ಪೂರ್ಣ ಶೂನ್ಯ. ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಸಾಕ್ಷಿಗಳಿಲ್ಲದ ಮದುವೆಯಂಥ, ಸರಿಪಡಿಸಬಹುದಾದ ಅಥವಾ ತಾತ್ಕಾಲಿಕ ದೋಷವುಳ್ಳ ಮದುವೆ ಫಾಸಿದ್, ಅಂದರೆ ಅಕ್ರಮ. ಫಾಸಿದ್ ಮದುವೆಯಲ್ಲಿ ದಾಂಪತ್ಯ ನಡೆದಿದ್ದರೆ ಹೆಂಡತಿಗೆ ಮೆಹರ್ ಸಲ್ಲುತ್ತದೆ, ಗಂಡನ ಆಸ್ತಿಗೆ ಅವಳು ವಾರಸುದಾರಳಾಗುವುದಿಲ್ಲ. ಮಗು ಮಾತ್ರ ಔರಸವೇ, ತಂದೆಯ ಆಸ್ತಿಗೆ ಪೂರ್ಣ ವಾರಸುದಾರನೇ. 2019ರಲ್ಲಿ ಮೊಹಮ್ಮದ್ ಸಲೀಂ ಪ್ರಕರಣದಲ್ಲಿ, ಮುಸ್ಲಿಂ ಪುರುಷ ಮತ್ತು ಹಿಂದೂ ಮಹಿಳೆಯ ಮದುವೆಯನ್ನು ಫಾಸಿದ್ ಎಂದು ಪರಿಗಣಿಸಿದ ಸುಪ್ರೀಂ ಕೋರ್ಟ್ ಅವರ ಮಗನಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ಹುಟ್ಟಿನಿಂದ ಬರುವ ಸಹದಾಯದ ಕಲ್ಪನೆ ಆ ಕಾನೂನಿನಲ್ಲಿ ಇಲ್ಲವಾದ್ದರಿಂದ ಕಾಲ್ಪನಿಕ ವಿಭಾಗದ ತೊಡಕೂ ಅಲ್ಲಿಲ್ಲ.

ಮುಂಗಾರು ಅವರ ಮಾತು

ತಾಯಿಯವರ ಜೊತೆ ಕುಳಿತು ಎಲ್ಲ ಉತ್ತರಗಳನ್ನೂ ಓದಿದೆವು. ಸೋಡಚೀಟಿಯ ವಾದವನ್ನು ಎತ್ತುವುದು ಬೇಡವೆಂದು ಅವರೇ ಹೇಳಿದರು. ಈಗ ಉಳಿದಿರುವುದು ಪೌತಿ ಖಾತೆಯ ಪ್ರಶ್ನೆ. ಖಾತೆ ಅವರ ಹೆಸರಿಗೆ ಹೋಗಿಬಿಟ್ಟಿರುವುದರಿಂದ ನಮ್ಮ ಹಕ್ಕು ಹೋಯಿತೇ? ರಾಜಿಯ ಮಾತುಕತೆ ನಡೆಯುವಾಗ ಜಮೀನನ್ನು ಮಾರಿಬಿಟ್ಟರೆ ಏನು ಮಾಡಬೇಕು?

ಹಳೆಯ ಕಡತ ಅವರ ಉತ್ತರ

ಹಕ್ಕು ಹೋಗಿಲ್ಲ. ಪೌತಿ ಖಾತೆ ಮತ್ತು ಪಹಣಿಯ ನಮೂದುಗಳು ಕಂದಾಯ ಯಾರಿಂದ ವಸೂಲು ಮಾಡಬೇಕೆಂಬುದಕ್ಕೆ ಇರುವ ದಾಖಲೆಗಳು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕಾರ ಅವು ಸರಿಯೆಂದು ಊಹಿಸಲಾಗುತ್ತದೆ ನಿಜ, ಆದರೆ ಅದು ಅಲ್ಲಗಳೆಯಬಹುದಾದ ಊಹೆ. ಮಾಲೀಕತ್ವವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಖಾತೆ ಬದಲಾವಣೆಯ ಆದೇಶದ ಮೇಲೆ 136ನೇ ಪ್ರಕರಣದ 2ನೇ ಉಪಪ್ರಕರಣದಡಿ ಉಪವಿಭಾಗಾಧಿಕಾರಿಯವರಲ್ಲಿ ಮೇಲ್ಮನವಿ ಸಲ್ಲಿಸಿ. ತಮ್ಮ ಹೆಸರುಗಳನ್ನು ಬಿಟ್ಟ ವಂಶವೃಕ್ಷದ ಬಗ್ಗೆ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಆದರೆ ಮುಖ್ಯ ಪರಿಹಾರ ಪಾಲುವಿಭಾಗದ ದಾವೆಯೇ. ರಾಜಿಯ ಮಾತುಕತೆ ನಡೆಯುತ್ತಿದ್ದರೂ ದಾವೆ ಹಾಕಿಡುವುದರಲ್ಲಿ ತಪ್ಪಿಲ್ಲ. ನ್ಯಾಯಾಲಯವೇ ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳುಹಿಸಬಹುದು, ಮತ್ತು ಅಲ್ಲಿ ಆದ ಒಪ್ಪಂದ ರಾಜಿ ಡಿಕ್ರಿಯಾಗಿ ಗಟ್ಟಿಯಾಗುತ್ತದೆ. ದಾವೆಯ ಜೊತೆಯಲ್ಲಿಯೇ ಜಮೀನು ಮತ್ತು ನಿವೇಶನವನ್ನು ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೋರಿ. ದಾವೆ ನಡೆಯುತ್ತಿರುವಾಗ ಮಾರಾಟವಾದರೂ ಸ್ವತ್ತು ವರ್ಗಾವಣೆ ಅಧಿನಿಯಮದ 52ನೇ ಪ್ರಕರಣದಂತೆ ಕೊಂಡವರು ದಾವೆಯ ಫಲಿತಾಂಶಕ್ಕೆ ಬದ್ಧರು. ದಾವೆಗೆ ಮುಂಚೆಯೇ ಮಾರಿದರೂ ಮೊದಲ ಮನೆಯವರು ಅವರದೇ ಪಾಲನ್ನಷ್ಟೇ ಮಾರಬಲ್ಲರು, ಆದರೆ ಆಗ ಕೊಂಡವರನ್ನೂ ಎಳೆದುಕೊಂಡು ಓಡಾಡಬೇಕಾಗುತ್ತದೆ. ವಿಳಂಬ ಹನ್ನೆರಡು ವರ್ಷ ದಾಟಿದರೆ ಎದುರು ಸ್ವಾಧೀನದ, ಅಂದರೆ ದೀರ್ಘಕಾಲ ಅನುಭವದಲ್ಲಿದ್ದುದರಿಂದ ಆಸ್ತಿ ತಮ್ಮದೇ ಆಯಿತೆಂಬ, ವಾದಕ್ಕೆ ಅವಕಾಶ ಕೊಟ್ಟಂತಾಗುತ್ತದೆ. ತಂದೆಯವರು ತೀರಿಕೊಂಡದ್ದು 2021ರಲ್ಲಿ ಆದ್ದರಿಂದ ಸದ್ಯಕ್ಕೆ ಆ ಭಯವಿಲ್ಲ.

ವಾದಪತ್ರದಲ್ಲಿ ಮದುವೆ ನಡೆದದ್ದನ್ನು ತಪ್ಪದೆ ಹೇಳಿ. 16ನೇ ಪ್ರಕರಣದ ರಕ್ಷಣೆ ಸಿಗಬೇಕಾದರೆ ಮದುವೆ ಶೂನ್ಯವಾಗಿದ್ದರೂ ಮದುವೆಯ ಶಾಸ್ತ್ರ ನಡೆದಿರಬೇಕು. ಮದುವೆಯ ಆಹ್ವಾನಪತ್ರಿಕೆ, ದೇವಸ್ಥಾನದ ರಸೀದಿ, ಭಾವಚಿತ್ರಗಳು, ತಮ್ಮಿಬ್ಬರ ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಗಳಲ್ಲಿರುವ ತಂದೆಯ ಹೆಸರು, ಪಡಿತರ ಚೀಟಿ, ಮದುವೆಗೆ ಬಂದಿದ್ದ ಹಿರಿಯರ ವಿಳಾಸ, ಇವನ್ನೆಲ್ಲ ಈಗಲೇ ಕಲೆಹಾಕಿ. 1996ರ ವಿಭಾಗಪತ್ರದ ಪ್ರಮಾಣೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ಪಡೆಯಿರಿ. ತಂದೆಯವರ ಪಾಲು ಎಷ್ಟು, ಯಾವ ಸರ್ವೆ ನಂಬರುಗಳಲ್ಲಿ ಎಂಬುದಕ್ಕೆ ಅದೇ ಆಧಾರ.